ಮೌಲಿಕವಾದಿ, ಮೂಲಭೂತವಾದಿ, ಮತಾಂಧ: ಕಾಸರಗೋಡಿನ ಓದುಗನಿಗೆ ಗೊಂದಲವೇಕೆ?

ಕುಂಬಳೆ, ಮಂಜೇಶ್ವರ, ಬದಿಯಡ್ಕದ ಹೋಟೆಲುಗಳ ಬೆಂಚಿನ ಮೇಲೆ ಬೆಳಗ್ಗೆ ಎರಡು ಭಾಷೆಯ ಪತ್ರಿಕೆಗಳು ಬಿದ್ದಿರುತ್ತವೆ. ಚುನಾವಣೆಯ ಕಾವೇರಿದಾಗ ಒಂದೇ ಭಾಷಣದ ವರದಿ ಎರಡರಲ್ಲೂ ಬರುತ್ತದೆ. ಮಲಯಾಳ ಪತ್ರಿಕೆಯಲ್ಲಿ ‘ಮತಮೌಲಿಕವಾದಿಗಳ್’ ಎಂದು ಇದ್ದದ್ದು ಒಂದು ಕನ್ನಡ ಪತ್ರಿಕೆಯಲ್ಲಿ ‘ಮೂಲಭೂತವಾದಿಗಳು’ ಆಗಿರುತ್ತದೆ, ಇನ್ನೊಂದರಲ್ಲಿ ‘ಮತಾಂಧರು’ ಆಗಿರುತ್ತದೆ. ಸಂಜೆಯ ಹೊತ್ತಿಗೆ ಟಿ.ವಿ. ಪರದೆಯ ಅಡಿಯಲ್ಲಿ ಓಡುವ ಸಾಲಿನಲ್ಲಿ ಅದು ‘ಉಗ್ರರು’ ಎಂದಾದರೂ ಆಶ್ಚರ್ಯವಿಲ್ಲ. ಹೇಳಿದವರು ಒಬ್ಬರೇ, ಹೇಳಿಸಿಕೊಂಡ ಗುಂಪೂ ಒಂದೇ. ಆರೋಪ ಮಾತ್ರ ಮೂರು ಮೆಟ್ಟಿಲು ಏರಿರುತ್ತದೆ. ಮೂರನ್ನೂ ಓದಿದವನಿಗೆ ಏಳುವ ಪ್ರಶ್ನೆ ಸಹಜವಾದದ್ದು: ಆ ಜನ ನಿಜವಾಗಿ ಮಾಡಿದ್ದೇನು? ಐದು ಹೊತ್ತಿನ ನಮಾಜೋ, ಮೂರು ಹೊತ್ತಿನ ಸಂಧ್ಯಾವಂದನೆಯೋ, ಬೈಬಲಿನ ಅಕ್ಷರಕ್ಷರವನ್ನೂ ನಂಬುವುದೋ, ಪಕ್ಕದವನ ಅಂಗಡಿ ಮುಚ್ಚಿಸುವುದೋ, ಬಾಂಬು ಕಟ್ಟುವುದೋ?

ಈ ಐದೂ ಬೇರೆ ಬೇರೆ ಸಂಗತಿಗಳು. ಇವಕ್ಕೆಲ್ಲ ಒಂದೇ ಚೀಟಿ ಅಂಟಿಸುವ ಅಭ್ಯಾಸ ಎಲ್ಲಿಂದ ಬಂತು ಎಂದು ತಿಳಿಯಲು ಆ ಪದದ ಹಿಂದೆ ಸ್ವಲ್ಪ ದೂರ ನಡೆಯಬೇಕು. ದಾರಿ ಅಮೆರಿಕದ ಒಂದು ಎಣ್ಣೆ ಬಾವಿಯವರೆಗೂ ಹೋಗುತ್ತದೆ.

ಇಲ್ಲಿ ಬೆಲೆ, ಅಲ್ಲಿ ಬುಡ

ಮೊದಲು ಮನೆಯಂಗಳದ ತೊಡಕನ್ನೇ ಬಿಡಿಸೋಣ. ಕನ್ನಡದಲ್ಲಿ ‘ಮೌಲಿಕ ಕೃತಿ’ ಎಂದರೆ ಬೆಲೆಯುಳ್ಳ ಕೃತಿ, ಸನ್ಮಾನ ಪತ್ರದಲ್ಲಿ ಬರೆಯುವಂಥ ಮಾತು. ಮಲಯಾಳದಲ್ಲಿ ‘ಮೌಲಿಕ’ ಎಂದರೆ ಮೂಲಕ್ಕೆ, ಬುಡಕ್ಕೆ ಸೇರಿದ್ದು. ಸಂಸ್ಕೃತದ ಅರ್ಥಕ್ಕೆ ಮಲಯಾಳ ಹತ್ತಿರ ಉಳಿದಿದೆ; ಕನ್ನಡದ್ದು ‘ಮೌಲ್ಯ’ದ ನೆರಳಿಗೆ ಸರಿದಿದೆ. ಹಾಗಾಗಿ ‘ಮೌಲಿಕವಾದಿ’ ಎಂದು ಬೈಯುವುದನ್ನು ಕೇಳಿದ ಕನ್ನಡ ಕಿವಿಗೆ ಅದು ಹೊಗಳಿಕೆಯಂತೆ ಕೇಳಿಸಿದರೆ ಕಿವಿಯ ತಪ್ಪಲ್ಲ. ಸಂವಿಧಾನದ ಮೂಲಭೂತ ಹಕ್ಕು ಮಲಯಾಳದಲ್ಲಿ ‘ಮೌಲಿಕಾವಕಾಶಂ’. ಕನ್ನಡದವನು ಅದನ್ನು ‘ಬೆಲೆಬಾಳುವ ಅವಕಾಶ’ ಎಂದು ಓದಿಕೊಂಡರೆ ಪೂರ್ತಿ ತಪ್ಪೆಂದೂ ಹೇಳಲಾಗದು.

ಇನ್ನೂ ಕೆಲವು ಜೋಡಿಗಳಿವೆ. ಮಲಯಾಳದ ‘ವರ್ಗೀಯತ’ ಕನ್ನಡದ ಕೋಮುವಾದ. ಆದರೆ ಕನ್ನಡದಲ್ಲಿ ‘ವರ್ಗ’ ಎಂದೊಡನೆ ನೆನಪಾಗುವುದು ಕಾರ್ಮಿಕ ವರ್ಗ, ವರ್ಗ ಸಂಘರ್ಷ. ಅಲ್ಲಿನ ‘ತೀವ್ರವಾದಿ’ ಇಲ್ಲಿನ ಉಗ್ರಗಾಮಿಗೆ ಸಮೀಪ. ಅಲ್ಲಿನ ‘ಯಾಥಾಸ್ಥಿತಿಕ’ ನಮ್ಮ ಸಂಪ್ರದಾಯಸ್ಥ. ಇನ್ನು ನಮ್ಮ ‘ಮತ’ವೇ ಮೂರು ತಲೆಯ ಪದ: ಧರ್ಮವೂ ಹೌದು, ಅಭಿಪ್ರಾಯವೂ ಹೌದು, ಓಟೂ ಹೌದು. ಮತಕ್ಕಾಗಿ ಮತಾಂಧನಾಗುವವನು ಯಾವ ಮತದ ಕುರುಡ ಎಂಬ ಚೇಷ್ಟೆಯ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಲು ಸಾಧ್ಯ.

ಗಡಿಯುದ್ದಕ್ಕೂ ಇದೇ ಕಥೆ. ತಾಳವಾಡಿಯ ಕನ್ನಡಿಗನಿಗೆ ತಮಿಳಿನಲ್ಲಿ ಸಿಗುವುದು ‘ಅಡಿಪ್ಪಡೈವಾದಂ’, ಅಂದರೆ ಅಡಿಪಾಯವಾದ. ಅಕ್ಕಲಕೋಟೆಯವನಿಗೆ ಮರಾಠಿಯ ‘ಮೂಲತತ್ತ್ವವಾದ’. ಆದೋನಿಯ ಕಡೆ ತೆಲುಗಿನ ‘ಛಾಂದಸವಾದ’. ತೆಲುಗಿನದು ಬೇರೆ ಜಾಡಿನ ಪದ. ಛಂದಸ್ಸೆಂದರೆ ವೇದ, ವೇದಪಾಠಿಯ ಹಟಮಾರಿತನದಿಂದ ಅಲ್ಲಿ ಪದ ಹುಟ್ಟಿದೆ. ಉಳಿದ ಮೂರ್ನಾಲ್ಕು ಭಾಷೆಗಳು ಇಂಗ್ಲಿಷಿನ ‘ಫಂಡಮೆಂಟಲ್’ ಅನ್ನು ಹಿಡಿದು ತಂತಮ್ಮ ಬುಡ, ಅಡಿ, ಮೂಲಗಳನ್ನು ಅದಕ್ಕೆ ಜೋಡಿಸಿದವು. ಈ ಪದ ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ. ಗುಂಡರ್ಟರ ಮಲಯಾಳ ನಿಘಂಟು 1872ರದ್ದು, ಕಿಟೆಲರ ಕನ್ನಡ ನಿಘಂಟು 1894ರದ್ದು. ಕಾಸರಗೋಡಿನ ಆಚೆ ತಲಶ್ಶೇರಿಯಲ್ಲೂ ಈಚೆ ಮಂಗಳೂರಿನಲ್ಲೂ ನೆಲೆ ಹೊಂದಿದ್ದ ಒಂದೇ ಬಾಸೆಲ್ ಮಿಷನ್ನಿನ ಈ ಇಬ್ಬರು ಪಾದ್ರಿಗಳು ಪದಗಳನ್ನು ಕೂಡಿಹಾಕುತ್ತಿದ್ದ ಕಾಲಕ್ಕೆ ‘ಫಂಡಮೆಂಟಲಿಸ್ಟ್’ ಎಂಬ ಪದ ಇಂಗ್ಲಿಷಿನಲ್ಲೇ ಇರಲಿಲ್ಲ.

ಹೆಮ್ಮೆಯಿಂದ ಇಟ್ಟುಕೊಂಡ ಹೆಸರು

ಕ್ಯಾಲಿಫೋರ್ನಿಯಾದಲ್ಲಿ ಯೂನಿಯನ್ ಆಯಿಲ್ ಕಂಪನಿ ಕಟ್ಟಿದ ಲೈಮನ್ ಸ್ಟೂವರ್ಟ್ ಎಂಬ ಶ್ರೀಮಂತನಿಗೆ ಒಂದು ಚಿಂತೆ ಇತ್ತು. ಯುರೋಪಿನ, ಅದರಲ್ಲೂ ಜರ್ಮನಿಯ ಪಂಡಿತರು ಬೈಬಲನ್ನು ಹಳೆಯ ತಾಳೆಗರಿಯಂತೆ ಬಿಡಿಸಿ, ಈ ಭಾಗ ಯಾರು ಬರೆದರು, ಯಾವಾಗ ಬರೆದರು ಎಂದು ವಿಚಾರಿಸತೊಡಗಿದ್ದರು. ಡಾರ್ವಿನ್ ಬೇರೆ ಬಂದು ಸೃಷ್ಟಿಯ ಕಥೆಯನ್ನು ಅಲ್ಲಾಡಿಸಿದ್ದ. ಚರ್ಚಿನೊಳಗೇ ಒಂದು ಪಂಗಡ ಈ ಹೊಸ ವಿಚಾರಗಳಿಗೆ ತಲೆದೂಗುತ್ತಿತ್ತು. ಸ್ಟೂವರ್ಟ್ ತನ್ನ ಅಣ್ಣನ ಜೊತೆ ಸೇರಿ ಹಣ ಹಾಕಿದ. 1910ರಿಂದ 1915ರವರೆಗೆ ‘ದಿ ಫಂಡಮೆಂಟಲ್ಸ್’ ಎಂಬ ಹೆಸರಿನಲ್ಲಿ ಹನ್ನೆರಡು ಸಂಪುಟಗಳು, ಒಟ್ಟು 90 ಪ್ರಬಂಧಗಳು ಬಂದವು. ಸುಮಾರು 30 ಲಕ್ಷ ಪ್ರತಿಗಳನ್ನು ಪಾದ್ರಿಗಳಿಗೆ, ಮಿಷನರಿಗಳಿಗೆ, ದೇವಶಾಸ್ತ್ರದ ವಿದ್ಯಾರ್ಥಿಗಳಿಗೆ ಪುಕ್ಕಟೆ ಹಂಚಲಾಯಿತು.

ಅದೇ 1910ರಲ್ಲಿ ಅಮೆರಿಕದ ಪ್ರೆಸ್‌ಬಿಟೇರಿಯನ್ ಚರ್ಚಿನ ಮಹಾಸಭೆ ಬಿಡಲಾಗದ ಐದು ನಂಬಿಕೆಗಳ ಪಟ್ಟಿ ಮಾಡಿತು. ಬೈಬಲಿನಲ್ಲಿ ತಪ್ಪಿಲ್ಲ, ಯೇಸು ಕನ್ಯೆಯಲ್ಲಿ ಹುಟ್ಟಿದ, ಮನುಷ್ಯರ ಪಾಪಕ್ಕಾಗಿ ಪ್ರಾಣ ಕೊಟ್ಟ, ದೇಹಸಹಿತ ಎದ್ದುಬಂದ, ಅವನ ಪವಾಡಗಳು ನಿಜ. ಇಷ್ಟನ್ನು ಒಪ್ಪಿದರೆ ಉಳಿದದ್ದರಲ್ಲಿ ಚರ್ಚೆ ಮಾಡಬಹುದು, ಇಷ್ಟನ್ನು ಬಿಟ್ಟರೆ ಕ್ರೈಸ್ತನಾಗಿ ಉಳಿಯುವುದಿಲ್ಲ ಎಂಬುದು ತಿರುಳು. 1920ರ ಜುಲೈಯಲ್ಲಿ ಕರ್ಟಿಸ್ ಲೀ ಲಾಸ್ ಎಂಬ ಬ್ಯಾಪ್ಟಿಸ್ಟ್ ಸಂಪಾದಕ ತನ್ನ ಪತ್ರಿಕೆಯಲ್ಲಿ, ಈ ಮೂಲ ನಂಬಿಕೆಗಳಿಗಾಗಿ ಹೋರಾಡಲು ಸಿದ್ಧರಿರುವವರನ್ನು ‘ಫಂಡಮೆಂಟಲಿಸ್ಟರು’ ಎಂದು ಕರೆಯೋಣ ಎಂದು ಬರೆದ. ತಾನೂ ಅವರಲ್ಲೊಬ್ಬ ಎಂದು ಎದೆಯುಬ್ಬಿಸಿಯೇ ಬರೆದ. ಪದ ಹುಟ್ಟಿದ್ದು ಬಿರುದಾಗಿ. ಅದು ಬೈಗುಳವಾದದ್ದು ಆಮೇಲೆ.

ಹುಟ್ಟಿದಾಗಿನ ಅರ್ಥದಲ್ಲಿ ಎರಡು ಅಂಶಗಳಿದ್ದವು. ಬದಲಾಗಬಾರದ ಮೂಲವೊಂದಿದೆ ಎಂಬ ನಂಬಿಕೆ ಒಂದು, ಅದಕ್ಕಾಗಿ ಜಗಳಕ್ಕೆ ನಿಲ್ಲುವ ಹುರುಪು ಇನ್ನೊಂದು. ಭಕ್ತಿ ಎಷ್ಟು ಗಾಢ ಎಂಬ ಪ್ರಶ್ನೆ ಅಲ್ಲಿರಲಿಲ್ಲ. ಹಿಂಸೆಯಂತೂ ಲೆಕ್ಕದಲ್ಲೇ ಇರಲಿಲ್ಲ.

ಡೇಟನ್ನಿನಿಂದ ತೆಹರಾನಿಗೆ

ಐದೇ ವರ್ಷದಲ್ಲಿ ಬಿರುದು ನಗೆಪಾಟಲಾಯಿತು. ಟೆನೆಸಿ ರಾಜ್ಯ ಸರಕಾರಿ ಶಾಲೆಗಳಲ್ಲಿ ವಿಕಾಸವಾದ ಕಲಿಸಬಾರದೆಂದು 1925ರಲ್ಲಿ ಕಾನೂನು ಮಾಡಿತು. ಡೇಟನ್ ಎಂಬ ಸಣ್ಣ ಊರಿನ ಶಿಕ್ಷಕ ಜಾನ್ ಸ್ಕೋಪ್ಸ್ ಮೇಲೆ ಅದೇ ಜುಲೈಯಲ್ಲಿ ಮೊಕದ್ದಮೆ ನಡೆಯಿತು. ನೂರು ಡಾಲರ್ ದಂಡ ಬಿತ್ತು. ಎರಡು ವರ್ಷದ ಬಳಿಕ ತಾಂತ್ರಿಕ ಕಾರಣಕ್ಕೆ ಅದೂ ರದ್ದಾಯಿತು. ನ್ಯಾಯಾಲಯದಲ್ಲಿ ಗೆದ್ದವರು ಮೂಲಭೂತವಾದಿಗಳು, ಪತ್ರಿಕೆಗಳಲ್ಲಿ ಸೋತವರೂ ಅವರೇ. ದೊಡ್ಡ ನಗರಗಳ ವರದಿಗಾರರು ಅವರನ್ನು ಹಳ್ಳಿಗಮಾರರೆಂದು ಚಿತ್ರಿಸಿದರು. ಆ ಚಿತ್ರ ಈಗ ನೂರು ವರ್ಷ ದಾಟಿದರೂ ಅಳಿಸಿಲ್ಲ.

ಎರಡನೆಯ ತಿರುವು 1979ರದ್ದು. ಇರಾನಿನಲ್ಲಿ ದೊರೆ ಶಾ ಓಡಿಹೋಗಿ ಧರ್ಮಗುರು ಖೊಮೇನಿ ಬಂದಾಗ ಪಾಶ್ಚಾತ್ಯ ಪತ್ರಕರ್ತರಿಗೆ ಕೈಗೆ ಸಿಕ್ಕ ಪದ ಇದೇ. ಪ್ರೊಟೆಸ್ಟಂಟ್ ಚರ್ಚಿನ ಒಳಜಗಳದ ಪದ ಶಿಯಾ ಕ್ರಾಂತಿಗೆ ಅಂಟಿತು. ಅಲ್ಲಿಂದ ಸಿಖ್, ಯಹೂದಿ, ಹಿಂದೂ ಎಲ್ಲರಿಗೂ ಹಬ್ಬಿತು. ಅರಬಿಯಲ್ಲಿ ಇದಕ್ಕಾಗಿ ‘ಉಸೂಲಿಯ್ಯ’ ಎಂಬ ರೂಪ ಚಾಲ್ತಿಗೆ ಬಂತು. ಆದರೆ ‘ಉಸೂಲ್’ ಎಂದರೆ ಬೇರು, ತತ್ತ್ವ. ‘ಉಸೂಲುಲ್ ಫಿಖ್ಹ್’ ಎಂಬುದು ಇಸ್ಲಾಮೀ ನ್ಯಾಯಶಾಸ್ತ್ರದ ಗೌರವದ ವಿದ್ಯೆ. ಅದನ್ನು ಓದಿಕೊಂಡ ಉಸ್ತಾದರೊಬ್ಬರಿಗೆ ತಮ್ಮ ಪಠ್ಯದ ಹೆಸರೇ ಸುದ್ದಿಯಲ್ಲಿ ಬೈಗುಳವಾಗಿ ಕಂಡರೆ ಏನನ್ನಿಸಬೇಕು? ಮೌಲಿಕವಾದಿಯನ್ನು ಕಂಡ ಕನ್ನಡಿಗನ ಪೇಚಿಗೆ ಇದು ಒಡಹುಟ್ಟಿದ ಪೇಚು.

ಜಗಳ ಮೊದಲು ಮನೆಯೊಳಗೆ

ಸುದ್ದಿಗಳು ಸಾಮಾನ್ಯವಾಗಿ ಹೇಳದ ಒಂದು ಮಾತಿದೆ. ಮೂಲಕ್ಕೆ ಮರಳಬೇಕೆನ್ನುವವನ ಮೊದಲ ಎದುರಾಳಿ ಪರಧರ್ಮದವನಲ್ಲ, ಸ್ವಧರ್ಮದ ಸಂಪ್ರದಾಯಸ್ಥ. ಇಬ್ಬರನ್ನೂ ‘ಕಟ್ಟಾ ಧಾರ್ಮಿಕರು’ ಎಂಬ ಒಂದೇ ಬುಟ್ಟಿಗೆ ಹಾಕುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಸಂಪ್ರದಾಯಸ್ಥ ‘ಹಿರಿಯರು ಮಾಡಿಕೊಂಡು ಬಂದದ್ದು’ ಎನ್ನುತ್ತಾನೆ. ಮೂಲಭೂತವಾದಿ ‘ಗ್ರಂಥದಲ್ಲಿ ಎಲ್ಲಿದೆ ತೋರಿಸು’ ಎನ್ನುತ್ತಾನೆ.

ಕಾಸರಗೋಡಿಗಿಂತ ಒಳ್ಳೆಯ ಉದಾಹರಣೆಯನ್ನು ಬೇರೆಡೆ ಹುಡುಕಬೇಕಿಲ್ಲ. ಮಂಜೇಶ್ವರದ ಬಳಿಯ ಉದ್ಯಾವರದಲ್ಲಿ ಅರಸು ಮಂಜಿಷ್ಣಾರ್ ದೈವಗಳ ಕ್ಷೇತ್ರದ ಉತ್ಸವಕ್ಕೆ ಮೊದಲು ದೈವದ ಪಾತ್ರಿಗಳು ಊರ ಮಸೀದಿಗೆ ನಡೆದುಹೋಗಿ ಜಮಾಅತಿನವರನ್ನು ಆಮಂತ್ರಿಸುತ್ತಾರೆ. ಕುಂಬಳೆಯ ಆರಿಕ್ಕಾಡಿಯಲ್ಲಿ ಆಲಿ ಎಂಬ ಮುಸ್ಲಿಂ ಮೂಲದ ದೈವಕ್ಕೆ ಕೋಲವಿದೆ. ಇವು ಯಾವ ಗ್ರಂಥದಲ್ಲೂ ಇಲ್ಲ. ಇವನ್ನು ಉಳಿಸಿಕೊಂಡು ಬಂದವರು ಎರಡೂ ಕಡೆಯ ಸಂಪ್ರದಾಯನಿಷ್ಠರು: ಮಡಿ ಬಿಡದವರು, ನೇಮ ತಪ್ಪದವರು. ‘ಇದು ನಮ್ಮ ಶಾಸ್ತ್ರದಲ್ಲಿಲ್ಲ, ನಿಲ್ಲಿಸಿ’ ಎಂಬ ಮಾತು ಎಲ್ಲಿಂದ ಬಂದರೂ ಅದು ಮೂಲಭೂತವಾದದ ಧಾಟಿ. ಹಾಗಾಗಿ ಕಟ್ಟುನಿಟ್ಟಾದ ಆಚಾರವೇ ಪರಧರ್ಮದ ಜೊತೆಗಿನ ನಂಟನ್ನು ಕಾಪಾಡಿದ್ದೂ ಉಂಟು. (ಇಂಗ್ಲಿಷಿನ ‘ಫನಾಟಿಕ್’ ಎಂಬ ಬೈಗುಳದ ಬೇರು ಲ್ಯಾಟಿನಿನ ‘ಫಾನುಮ್’, ಅಂದರೆ ಗುಡಿ. ಗುಡಿಯ ದೇವತೆ ಮೈಮೇಲೆ ಬಂದವನನ್ನು ರೋಮನರು ಹಾಗೆ ಕರೆದರು. ನಮ್ಮ ಪಾತ್ರಿಗಳು ರೋಮಿನಲ್ಲಿದ್ದಿದ್ದರೆ ಅವರಿಗೂ ಅದೇ ಹೆಸರು ಬೀಳುತ್ತಿತ್ತು.)

ಮರಳಿ ಮೂಲಕ್ಕೆ ಎನ್ನುವವರೆಲ್ಲ ಹಿಮ್ಮುಖ ನಡೆದವರೂ ಅಲ್ಲ. 1875ರಲ್ಲಿ ಆರ್ಯ ಸಮಾಜ ಕಟ್ಟಿದ ದಯಾನಂದ ಸರಸ್ವತಿ ವೇದದಲ್ಲಿ ತಪ್ಪಿಲ್ಲವೆಂದು ನಂಬಿದವರು, ಮೂರ್ತಿಪೂಜೆಯನ್ನು ತಿರಸ್ಕರಿಸಿದವರು. ಪದದ ಮೊದಲ ಅರ್ಥದಲ್ಲಿ ಅವರು ಮೂಲಭೂತವಾದಿ. ಅದೇ ಸಮಾಜ ಹುಡುಗಿಯರ ಶಾಲೆಗಳನ್ನು ತೆರೆಯಿತು, ವಿಧವಾ ವಿವಾಹಕ್ಕೆ ಬೆಂಬಲ ನೀಡಿತು. ಅದಕ್ಕೆ ಎದುರಾಗಿ ನಿಂತು ಮೂರ್ತಿ, ಜಾತ್ರೆ, ಪುರಾಣಗಳನ್ನು ಕಾಪಾಡಲು ಹೊರಟವರು ತಮ್ಮನ್ನು ಸನಾತನಿಗಳೆಂದು ಕರೆದುಕೊಂಡರು. ಕೇರಳದ ಮುಸ್ಲಿಮರಲ್ಲೂ ಹೀಗೆಯೇ ಆಯಿತು. 1922ರಲ್ಲಿ ಐಕ್ಯ ಸಂಘ ಕಟ್ಟಿದ ಸುಧಾರಕರು ಕುರಾನ್ ಮತ್ತು ಹದೀಸಿಗೆ ಮರಳಬೇಕು, ದರ್ಗಾದ ನೇರ್ಚೆ (ಹರಕೆ) ಮುಂತಾದವು ನಡುವೆ ಸೇರಿದ ಕಸ ಎಂದರು. ಅವರ ಜೊತೆಗಿದ್ದ ವಕ್ಕಂ ಮೌಲವಿ ಆಧುನಿಕ ಶಿಕ್ಷಣದ ಪರವಾಗಿ ವಾದಿಸಿದರು. ಪರಂಪರೆಯನ್ನು ಕಾಯಲು 1926ರಲ್ಲಿ ಉಲಮಾಗಳು ಸಮಸ್ತ ಎಂಬ ಸಂಘಟನೆ ಕಟ್ಟಿದರು. ಇವರಲ್ಲಿ ಯಾರು ಪ್ರಗತಿಪರರು, ಯಾರು ಕರ್ಮಠರು? ಹೆಣ್ಣುಮಕ್ಕಳು ಓದಬೇಕೇ ಎಂದು ಕೇಳಿದರೆ ಒಂದು ಉತ್ತರ. ಪಕ್ಕದ ಮನೆಯ ಹಿಂದೂ ಉರೂಸಿಗೆ ಬಂದು ಹೋಗಬಹುದೇ ಎಂದು ಕೇಳಿದರೆ ಇನ್ನೊಂದು.

ಶಬರಿಮಲೆಯ ವಿಷಯದಲ್ಲೂ ಪದ ಹೀಗೇ ಎಡವಿತು. ಎಲ್ಲ ವಯಸ್ಸಿನ ಮಹಿಳೆಯರಿಗೂ ಪ್ರವೇಶವಿದೆ ಎಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 28ರಂದು ನಾಲ್ಕಕ್ಕೆ ಒಂದರ ಬಹುಮತದಲ್ಲಿ ಹೇಳಿದ ಮೇಲೆ ಬೀದಿಗಿಳಿದವರು ಕಾಪಾಡಲು ಹೊರಟದ್ದು ಗ್ರಂಥವನ್ನಲ್ಲ, ಒಂದು ದೇವಸ್ಥಾನದ ರೂಢಿಯನ್ನು. ಅದಕ್ಕೆ ಪ್ರತಿಯಾಗಿ 2019ರ ಜನವರಿ 1ರಂದು ಕಾಸರಗೋಡಿನಿಂದ ತಿರುವನಂತಪುರದವರೆಗೆ ‘ವನಿತಾ ಮತಿಲ್’ ಎಂಬ ಮಹಿಳೆಯರ ಗೋಡೆ ನಿಂತಿತು. ಆಗ ಪ್ರತಿಭಟನಕಾರರನ್ನು ಮೂಲಭೂತವಾದಿಗಳೆಂದು ಕರೆದವರೂ ಇದ್ದರು. ಅವರನ್ನು ಆಚಾರವಾದಿಗಳೆಂದು ಕರೆಯಬಹುದಿತ್ತು, ಒಪ್ಪದವರು ಪುರುಷಪ್ರಧಾನರೆಂದೂ ಕರೆಯಬಹುದಿತ್ತು. ಮೂಲಭೂತವಾದಿ ಎಂಬುದು ಮಾತ್ರ ಅಲ್ಲಿ ಹೊಂದುವುದಿಲ್ಲ.

ಭಕ್ತನಲ್ಲದ ಕೋಮುವಾದಿ

ಕೋಮುವಾದ ಇನ್ನೊಂದು ಜಾತಿಯದು. ಅದಕ್ಕೆ ಭಕ್ತಿ ಬೇಕೆಂದಿಲ್ಲ. ನನ್ನ ಗುಂಪಿನ ಹಿತ ನಿನ್ನ ಗುಂಪಿನ ಹಿತಕ್ಕೆ ವಿರುದ್ಧ ಎಂದು ನಂಬಿದರೆ ಸಾಕು. ಜಿನ್ನಾ ಆಚಾರನಿಷ್ಠ ಮುಸ್ಲಿಮರಾಗಿರಲಿಲ್ಲ. ಸಾವರ್ಕರ್ ಆಚಾರನಿಷ್ಠ ಹಿಂದೂ ಆಗಿರಲಿಲ್ಲ. ಧರ್ಮದ ಆಧಾರದಲ್ಲಿ ರಾಷ್ಟ್ರವನ್ನು ಕಲ್ಪಿಸಿಕೊಂಡವರು ಇವರಿಬ್ಬರು. ತಾನು ಸನಾತನಿ ಹಿಂದೂ ಎಂದು ಬರೆದುಕೊಂಡ ಗಾಂಧಿಯೂ ಕುರಾನಿಗೆ ಭಾಷ್ಯ ಬರೆದ ಮೌಲಾನಾ ಆಜಾದರೂ ಆ ಕಲ್ಪನೆಗೆ ಎದುರು ನಿಂತರು. ನಮಾಜಿನ ಲೆಕ್ಕ, ಜಪದ ಲೆಕ್ಕ ಹಿಡಿದು ಕೋಮುವಾದಿಯನ್ನು ಪತ್ತೆ ಹಚ್ಚಲು ಹೊರಟವರು ಈ ನಾಲ್ವರ ಬಳಿಯೇ ದಾರಿ ತಪ್ಪುತ್ತಾರೆ.

ಬೇಡ ಎನ್ನುವವರು, ಬೇಕು ಎನ್ನುವವರು

‘ಮೂಲಭೂತವಾದಿ’ ಎಂಬ ಪದವನ್ನು ಕೈಬಿಡಬೇಕೆನ್ನುವವರ ವಾದ ಗಟ್ಟಿಯಾಗಿದೆ. ಗ್ರಂಥ ದೈವದತ್ತ, ಅದರಲ್ಲಿ ತಪ್ಪಿಲ್ಲ ಎಂಬುದೇ ಅಳತೆಯಾದರೆ ಜಗತ್ತಿನ ಬಹುಪಾಲು ಮುಸ್ಲಿಮರು ಮೂಲಭೂತವಾದಿಗಳೇ ಆಗುತ್ತಾರೆ. ಎಲ್ಲರಿಗೂ ಹೊಂದುವ ಹೆಸರು ಯಾರನ್ನೂ ಗುರುತಿಸುವುದಿಲ್ಲ. ಹಿಂದೂಗಳಲ್ಲಿ ಎಲ್ಲರನ್ನೂ ಕಟ್ಟುವ ಒಂದು ಗ್ರಂಥವೇ ಇಲ್ಲದಿರುವುದರಿಂದ ಅಲ್ಲಿ ಅಳತೆಗೋಲೇ ಇಲ್ಲ. ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಶೈಲಿ ಕೈಪಿಡಿ, ಒಂದು ಗುಂಪು ತಾನೇ ಆ ಹೆಸರನ್ನು ಬಳಸಿಕೊಂಡರೆ ಹೊರತು ಸಾಮಾನ್ಯವಾಗಿ ಈ ಪದ ಬಳಸಬೇಡಿ ಎನ್ನುತ್ತದೆ.

ಬೇಕೆನ್ನುವವರದ್ದೂ ತಳ್ಳಿಹಾಕುವ ಮಾತಲ್ಲ. ಷಿಕಾಗೋ ವಿಶ್ವವಿದ್ಯಾಲಯದ ಮುದ್ರಣಾಲಯ 1991ರಿಂದ 1995ರವರೆಗೆ ಹೊರತಂದ ಐದು ದಪ್ಪ ಸಂಪುಟಗಳಲ್ಲಿ ವಿದ್ವಾಂಸರಾದ ಮಾರ್ಟಿನ್ ಮಾರ್ಟಿ, ಸ್ಕಾಟ್ ಆ್ಯಪಲ್‌ಬಿ ಮತ್ತು ಅವರ ಸಂಗಡಿಗರು ಬೇರೆ ಬೇರೆ ಧರ್ಮಗಳಲ್ಲಿ ಒಂದೇ ಮುಖಚರ್ಯೆಯನ್ನು ಗುರುತಿಸಿದರು. ಆಧುನಿಕತೆ ತಮ್ಮ ಬೇರನ್ನು ಕೀಳುತ್ತಿದೆ ಎಂಬ ಭಯ, ಪರಂಪರೆಯಿಂದ ತಮಗೆ ಬೇಕಾದಷ್ಟನ್ನೇ ಹೆಕ್ಕಿಕೊಳ್ಳುವ ಜಾಣತನ, ನಾವು–ಅವರು ಎಂಬ ಗಡಿಗೆರೆ. ಈ ಚರ್ಯೆ ಹಳೆಯದಲ್ಲ, ಆಧುನಿಕ ಕಾಲಕ್ಕೇ ಹುಟ್ಟಿದ್ದು ಎಂಬುದು ಅವರ ಮುಖ್ಯ ಒಳನೋಟ. ಬೇಕೆನ್ನುವ ಪಕ್ಷದ ಇನ್ನೊಂದು ಮಾತು ನೆಲಕ್ಕೆ ಹತ್ತಿರವಾದದ್ದು. ಮೂಲದ ಹೆಸರಿನಲ್ಲಿ ಒತ್ತಡ ಬಂದಾಗ ಅದರ ಏಟು ಮೊದಲು ಬೀಳುವುದು ಆ ಸಮುದಾಯದ ಹೆಂಗಸರ ಮೇಲೆ, ಪ್ರಶ್ನೆ ಕೇಳುವ ಹುಡುಗರ ಮೇಲೆ. ಆ ಒತ್ತಡಕ್ಕೆ ಹೆಸರಿಡಲು ಹಿಂಜರಿದರೆ ಲಾಭ ಯಾರಿಗೆ ಎಂದು ಅವರು ಕೇಳುತ್ತಾರೆ.

ನನಗೆ ಕಾಣುವಂತೆ ಎರಡನೆಯವರ ಕಾಳಜಿ ಸರಿ, ಅದಕ್ಕೆ ಆರಿಸಿಕೊಂಡ ಆಯುಧ ಮೊಂಡು. ಒತ್ತಡ ಹೇರುವವನನ್ನು ‘ಹೇರಿಕೆಗಾರ’ ಎಂದು ಕರೆಯಲು ಕನ್ನಡಕ್ಕೆ ಬಡತನವಿಲ್ಲ.

ಕಾನೂನಿನಲ್ಲಿ ಇಲ್ಲದ ಪದ

ನಮ್ಮ ದಂಡಸಂಹಿತೆಗೆ ಮೂಲಭೂತವಾದಿ ಎಂಬ ಅಪರಾಧಿ ಗೊತ್ತಿಲ್ಲ. ಅದು ನೋಡುವುದು ಕೃತ್ಯವನ್ನು. ಧರ್ಮ, ಭಾಷೆ ಮುಂತಾದವುಗಳ ಹೆಸರಿನಲ್ಲಿ ಗುಂಪುಗಳ ನಡುವೆ ದ್ವೇಷ ಹಚ್ಚಿದರೆ ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್, ಹಿಂದಿನ ಐಪಿಸಿಯ 153ಎ. ಭಯೋತ್ಪಾದನಾ ಕೃತ್ಯಕ್ಕೆ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯಲ್ಲಿ (ಯುಎಪಿಎ) ವಿವರಣೆ ಇದೆ. ಧರ್ಮ, ಜಾತಿ, ಭಾಷೆಯ ಹೆಸರು ಹೇಳಿ ಓಟು ಕೇಳುವುದು 1951ರ ಜನಪ್ರಾತಿನಿಧ್ಯ ಕಾಯ್ದೆಯ 123(3)ರ ಪ್ರಕಾರ ಭ್ರಷ್ಟ ನಡವಳಿಕೆ. ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮವನ್ನು ಎತ್ತುವುದೂ ಇದರಲ್ಲಿ ಸೇರುತ್ತದೆ ಎಂದು ಏಳು ನ್ಯಾಯಮೂರ್ತಿಗಳ ಪೀಠ 2017ರಲ್ಲಿ 4–3ರ ಬಹುಮತದಿಂದ ಹೇಳಿತು. ವೇದಿಕೆಯಿಂದ ‘ಮೂಲಭೂತವಾದಿಗಳಿಗೆ ಓಟು ಹಾಕಬೇಡಿ’ ಎಂದು ಕೂಗುವ ಬಾಯಿಗೆ ಈ ಪದ ಏಕೆ ಅಷ್ಟು ಹಿತ ಎಂಬುದು ಇದರಿಂದ ಸ್ವಲ್ಪ ತಿಳಿಯುತ್ತದೆ. ಧರ್ಮದ ಹೆಸರು ಬಾಯಿಗೆ ಬರುವುದಿಲ್ಲ, ಕೇಳಿದವನಿಗೆ ಯಾವ ಧರ್ಮವೆಂದು ಗೊತ್ತಾಗುತ್ತದೆ.

ನಂಬಿಕೆಯ ಬಿಗಿತನಕ್ಕೂ ಅಪರಾಧಕ್ಕೂ ನಂಟಿಲ್ಲವೆಂಬುದಕ್ಕೆ ಕೇರಳದ್ದೇ ಒಂದು ಮೊಕದ್ದಮೆ ಸಾಕ್ಷಿ. 1985ರಲ್ಲಿ ಮೂವರು ಒಡಹುಟ್ಟಿದ ಮಕ್ಕಳನ್ನು ಶಾಲೆಯಿಂದ ಹೊರಹಾಕಲಾಯಿತು. ಅವರು ಯೆಹೋವನ ಸಾಕ್ಷಿಗಳ ಪಂಥದವರು. ರಾಷ್ಟ್ರಗೀತೆಯ ಹೊತ್ತಿಗೆ ಎಲ್ಲರಂತೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ದೇವರಿಗಲ್ಲದೆ ಇನ್ನೊಂದಕ್ಕೆ ಸ್ತುತಿ ಸಲ್ಲಿಸಬಾರದೆಂಬುದು ಅವರ ನಂಬಿಕೆ. ಬೈಬಲನ್ನು ಅಕ್ಷರಶಃ ಹಿಡಿದವರೆಂದರೆ ಇವರೇ. ಸುಪ್ರೀಂ ಕೋರ್ಟು 1986ರ ಆಗಸ್ಟಿನಲ್ಲಿ ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು. ಆ ನಂಬಿಕೆ ನಮಗೆ ಸರಿಯೆನಿಸುತ್ತದೆಯೇ ಎಂಬುದು ಮುಖ್ಯವಲ್ಲ, ಅವರು ಅದನ್ನು ಪ್ರಾಮಾಣಿಕವಾಗಿ ನಂಬಿದ್ದಾರೆಯೇ ಎಂಬುದು ಮುಖ್ಯ ಎಂಬುದು ಅದರ ಸಾರ.

ಇನ್ನು ‘ಮೂಲ’ದ ಮಾತು ಎತ್ತಿದ ಮೇಲೆ ಎಡನೀರನ್ನು ಬಿಡುವ ಹಾಗಿಲ್ಲ. ಕಾಸರಗೋಡು ಪೇಟೆಗೆ ಸಮೀಪದ ಆ ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರು ಭೂಸುಧಾರಣೆಯ ವಿರುದ್ಧ 1970ರಲ್ಲಿ ಹೂಡಿದ ದಾವೆ 13 ನ್ಯಾಯಮೂರ್ತಿಗಳ ಮುಂದೆ ಹೋಯಿತು. 1973ರ ಏಪ್ರಿಲ್ 24ರಂದು 7–6ರ ಬಹುಮತದಲ್ಲಿ ತೀರ್ಪು ಬಂತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಬಿಡಬಹುದಾದದ್ದು ಯಾವುದು, ಬಿಡಲಾಗದ ಮೂಲ ಯಾವುದು? 1910ರಲ್ಲಿ ಅಮೆರಿಕದ ಪಾದ್ರಿಗಳು ಕೇಳಿಕೊಂಡ ಪ್ರಶ್ನೆಯ ರೂಪವೂ ಇದೇ. ಹೀಗೆ ಕೇಳುವುದೇ ರೋಗವಾಗಿದ್ದರೆ ದೇಶದ ಅತಿ ದೊಡ್ಡ ಪೀಠಕ್ಕೂ ಆ ರೋಗ ತಗಲಿದೆ ಎನ್ನಬೇಕಾಗುತ್ತದೆ.

ರಾತ್ರಿ ಒಂಬತ್ತರ ಮೇಜು

ಪದ ಹೀಗೆ ಹಿಗ್ಗುತ್ತ ಹೋದರೆ ಆಗುವುದು ಎರಡು. ಗಡ್ಡ ಬಿಟ್ಟವನು, ಹಿಜಾಬು ತೊಟ್ಟವಳು, ಜನಿವಾರ ಕಾಣಿಸುವವನು ಮಾಡದ ತಪ್ಪಿಗೆ ಸಂಶಯದ ನೋಟ ಎದುರಿಸುತ್ತಾರೆ. ಬೇರೆಯವರ ಬದುಕಿಗೆ ಕೈಹಾಕುವವನು ‘ನಮ್ಮ ಧರ್ಮವನ್ನೇ ಬೈದರು’ ಎಂದು ಆ ನಿರುಪದ್ರವಿಗಳ ಹಿಂದೆ ಅಡಗಿಕೊಳ್ಳುತ್ತಾನೆ. ಎರಡನೆಯದು ಮೊದಲನೆಯದರ ಫಲ. ಸಂಶಯಕ್ಕೆ ಒಳಗಾದವನಿಗೆ ತನ್ನ ಪರವಾಗಿ ಗಟ್ಟಿಯಾಗಿ ಮಾತಾಡುವವನು ಯಾರಿದ್ದರೂ ಆಪ್ತನೆನಿಸುತ್ತಾನೆ.

ಗಡಿನಾಡಿನಲ್ಲಿ ಇದು ಬಹಳ ಮಟ್ಟಿಗೆ ತೀರ್ಮಾನವಾಗುವುದು ಸುದ್ದಿಮನೆಯ ಅನುವಾದದ ಮೇಜಿನಲ್ಲಿ. ತಿರುವನಂತಪುರದ ಸುದ್ದಿ ಮಲಯಾಳದಲ್ಲಿ ಹುಟ್ಟಿ ಕನ್ನಡಕ್ಕೆ ಬರುತ್ತದೆ. ಪುಟ ಕಟ್ಟುವ ಹೊತ್ತು ಮೀರುತ್ತಿರುವಾಗ ಉಪಸಂಪಾದಕನ ಮುಂದೆ ‘ಮತಮೌಲಿಕವಾದಿಗಳ್’ ಎಂಬ ಪದ ನಿಂತಿರುತ್ತದೆ. ಅವನ ಕೈಯಲ್ಲಿ ‘ಮೂಲಭೂತವಾದಿ’, ‘ಮತಾಂಧ’, ‘ಕೋಮುವಾದಿ’ ಎಂಬ ಮೂರು ಅಚ್ಚುಗಳಿವೆ; ಮೂರೂ ಒಂದು ಅಂಕಣದ ಶೀರ್ಷಿಕೆಯಲ್ಲಿ ಹಿಡಿಯುತ್ತವೆ. ನಾಲ್ಕನೆಯ ದಾರಿ, ಆ ಜನ ಮಾಡಿದರೆನ್ನಲಾದ ಕೆಲಸವನ್ನೇ ಬರೆಯುವುದು: ‘ಅಂಗಡಿ ಮುಚ್ಚಿಸಿದವರು’, ‘ನಾಟಕ ತಡೆದವರು’, ‘ಮದುವೆಗೆ ಅಡ್ಡಿ ಮಾಡಿದವರು’. ಅದಕ್ಕೆ ವರದಿಗಾರನಿಗೆ ಇನ್ನೊಂದು ಫೋನ್ ಮಾಡಬೇಕು, ಶೀರ್ಷಿಕೆಯ ಅಕ್ಷರವನ್ನು ಎರಡು ಪಾಯಿಂಟ್ ಇಳಿಸಬೇಕು.